ಹಂಪಯ್ಯ ಗೊತ್ತು ಮಾಡಿದ ರವಿವಾರ

ಸನತ್‌ನಗರದ ಅಂಬಾದಾಸ ಸುಳ್ಳು ಹೇಳುವ ಮನುಷ್ಯ ಅಲ್ಲ. ದೇವರಿಗೆ ಕೈ ಮುಗಿಯೋದನ್ನೂ ಹೆಂಡತಿಗೇ ಬಿಟ್ಟುಕೊಟ್ಟವ. ದೆವ್ವ, ಗಾಳಿ ಅಂತ ಯಾರಾದರೂ ಮಾತು ತೆಗೆದರೆ ಬೀಡಿ ಕೊಡವಿ ಎದ್ದು ಹೋಗುತ್ತಿದ್ದ. ಅಂಥವನಿಗೇ ಇದು ಆಯಿತು. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಅವತ್ತು ಗುರುವಾರ. ಶಿವರಾತ್ರಿ ಮುಗಿದು ಬಿಸಿಲು ಏರುತ್ತಿದ್ದ ದಿನಗಳು. ಅಂಬಾದಾಸ ಫ್ಯಾನಿನ ಸಾಮಾನು ಮಾಡುವ ಕಾರ್ಖಾನೆಯಲ್ಲಿ ಎರಡನೇ ಪಾಳಿ ಮುಗಿಸಿ ಒಬ್ಬನೇ ಮನೆಗೆ ಹೊರಟಿದ್ದ. ದಾರಿಯಲ್ಲಿ ಬೀಗ ಬಿದ್ದ ಹಳೇ ಕಾರ್ಖಾನೆಯೊಂದರ ಉದ್ದ ಗೋಡೆ. ಗೋಡೆ ಮುಗಿಯುವಲ್ಲಿ ಒಂದು ಬಾವಿ. ಅದರ ನೀರು ಬತ್ತಿ ಎಷ್ಟೋ ವರ್ಷವಾಗಿತ್ತು. ಬಾಯಿಗೆ ಕಬ್ಬಿಣದ ಜಾಳಿಗೆ ಹಾಕಿದ್ದರು. ಮೇಲಿನ ನೀರು ಸೇದುವ ಗಡಗಡಿ ಮಾತ್ರ ಹಾಗೇ ಉಳಿದಿತ್ತು. ಗಾಳಿ ಬಂದರೆ ಕಿರ್… ಕಿರ್… ಅನ್ನುತ್ತಿತ್ತು.

ಅವತ್ತು ಗಾಳಿ ಇರಲಿಲ್ಲ. ಬೇವಿನ ಎಲೆ ಕೂಡ ಅಲ್ಲಾಡುತ್ತಿರಲಿಲ್ಲ.

ಆದರೂ… ಕಿರ್… ಕಿರ್…

ಅದರ ಸಂಗಡ ಇನ್ನೊಂದು ಸಪ್ಪಳ. ಚಿಣ್… ಚಿಣ್… ಉಕ್ಕಿನ ಕೊಂಡಿಗೆ ಕೊಂಡಿ ತಾಗಿದ ಹಾಗೆ.

ಅಂಬಾದಾಸನಿಗೆ ಅಂಜಿಕೆ ಆಗಲಿಲ್ಲ. ಆ ಸಪ್ಪಳ ಅವನಿಗೆ ಗೊತ್ತಿತ್ತು. ಅದು ಹಂಪಯ್ಯನ ಸೊಂಟದ ಸಪ್ಪಳ.

ಹಂಪಯ್ಯ ಅಂದರೆ ಅಂಬಾದಾಸನ ಹೆಂಡತಿ ಶಿವಗಂಗಾಳ ತಮ್ಮ. ಇನ್ನೂ ಲಗ್ನವಾಗಿರದ ಹುಡುಗ. ಯಾದಗಿರಿ ಕಡೆಯ ಊರು ಬಿಟ್ಟು ತಾಯಿಯನ್ನು ಕರಕೊಂಡು ಅಕ್ಕನ ಮನೆಗೇ ಬಂದಿದ್ದ. ಹೈದರಾಬಾದಿನ ಆ ಮಗ್ಗುಲಿಗೆ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ಒಂದರ ಬೆನ್ನಿಗೆ ಒಂದು ಏಳುತ್ತಿದ್ದ ಕಾಲ. ಅಷ್ಟು ಎತ್ತರದ ಗಾಜನ್ನು ಹೊರಗಿನಿಂದ ಒರೆಸುವವರು ಬೇಕಲ್ಲ? ಹಂಪಯ್ಯ ಆ ಕೆಲಸ ಹಿಡಿದ. ಮೇಲಿನಿಂದ ಹಗ್ಗ ಇಳಿಬಿಟ್ಟು, ಸೊಂಟಕ್ಕೆ ಪಟ್ಟಾ ಬಿಗಿದು, ಕೊಂಡಿ ಸಿಗಿಸಿ, ಬಕೆಟ್ಟು ಹಿಡಿದು ಇಳಿಯುವುದು. ಸಂಜೆ ಬಸ್ಸಿಳಿದು ಅಲ್ಲಿ ಇಲ್ಲಿ ಅಡ್ಡಾಡಿ, ರಾತ್ರಿ ಈ ಬಾವಿ ಕಟ್ಟೆಯ ಮೇಲೆ ಕೂತು ಮಾವನಿಗೆ ಕಾಯುವನು. ಇಬ್ಬರೂ ಕೂಡಿ ಮನೆಗೆ ಹೋಗುವರು. ಎಷ್ಟೋ ದಿನದ ರೂಢಿ ಅದು.

ಅವತ್ತೂ ಕೂತಿದ್ದ. ಬೆನ್ನು ಈ ಕಡೆ. ಕೈಯಲ್ಲಿ ಹಗ್ಗ. ಸುತ್ತುತ್ತಿದ್ದ… ಸುತ್ತುತ್ತಲೇ ಇದ್ದ.

"ಏನೋ ಹಂಪಯ್ಯಾ, ಹಗ್ಗ ಮನೀಗೆ ತಂದಿ?"

"ಹೂಂನ್ರಿ ಮಾವ." ದನಿ ಸಣ್ಣಗಿತ್ತು. ತಿರುಗಿ ನೋಡಲಿಲ್ಲ. "ರವಿವಾರ ಪಕ್ಕಾ ಅಲ್ಲೇನ್ರಿ?"

"ಪಕ್ಕಾ. ನಿಮ್ಮಕ್ಕ ಶೇಂಗಾ ಹುರದು ಇಟ್ಟಾಳ."

"ಅವ್ವಗ ಚಪ್ಪಲಿ ಬ್ಯಾಡ್ರಿ. ಬೂಟು ಕೊಡಸ್ರಿ. ಗುಡ್ಡದ ಮ್ಯಾಲ ಕಾಲು ಜಾರತೈತಿ."

"ಆತು, ಏಳು. ಹೊತ್ತಾತು."

"ನೀವು ನಡೀರಿ… ಈ ಹಗ್ಗ ಮುಗೀವಲ್ದು."

ಅಂಬಾದಾಸ ನಕ್ಕು ನಡೆದ. ಓಣಿ ತಿರುಗಿದ ಮೇಲೂ ಬೆನ್ನ ಹಿಂದೆ ಚಿಣ್… ಚಿಣ್… ಕೇಳುತ್ತಿತ್ತು.

ಅವನ ಖೋಲಿಯ ಮುಂದೆ ಮಂದಿ ನಿಂತಿದ್ದರು. ಅಷ್ಟು ಹೊತ್ತಿನಲ್ಲಿ ದೀಪ ಉರಿಯುತ್ತಿತ್ತು. ಪಕ್ಕದ ಮನೆಯ ಶಾಂತಪ್ಪ ಓಡಿ ಬಂದು ಅವನ ಎರಡೂ ಕೈ ಹಿಡಕೊಂಡ.

"ಎಲ್ಲಿ ಹೋಗಿದ್ಯೋ ಅಂಬಾದಾಸ? ನಿನ್ನ ಫೋನ್ ಹತ್ತವಲ್ದು. ಕಾರ್ಖಾನಿ ಗೇಟಿಗೆ ಬಂದ್ರ ಒಳಗ ಬಿಡಲಿಲ್ಲ… ನಮ್ಮ ಹಂಪಯ್ಯ ಹೋಗಿಬಿಟ್ನೋ. ಮಧ್ಯಾಹ್ನ. ಮ್ಯಾಲಿನ ಗ್ವಾಡಿ ಅಂಚಿಗೆ ತಿಕ್ಕಿ ತಿಕ್ಕಿ ಹಗ್ಗ ಹರದೈತಿ."

ಅಂಬಾದಾಸ ಶಾಂತಪ್ಪನ ಮುಖ ನೋಡಿದ. ಆಮೇಲೆ ತಾನು ಬಂದ ದಾರಿ ನೋಡಿದ.

ಒಳಗೆ ಶಿವಗಂಗಾ ಗೋಡೆಗೆ ಹಣೆ ಹೊಡಕೊಂಡು ಅಳುತ್ತಿದ್ದಳು. ಹಂಪಯ್ಯನ ತಾಯಿ ಗದಿಗೆಮ್ಮ ಅಳುತ್ತಿರಲಿಲ್ಲ. ಹೊಸ್ತಿಲ ಮೇಲೆ ಕೂತು ಹೊರಗೇ ನೋಡುತ್ತಿದ್ದಳು.

ಆ ರವಿವಾರದ ಮಾತು ಹೇಳಬೇಕು. ಅದು ತಿಳಿಯದೆ ಮುಂದಿನದು ತಿಳಿಯುವುದಿಲ್ಲ.

ವಿಕಾರಾಬಾದಿನ ಆಚೆ ಗುಡ್ಡದ ಸಾಲಿನಲ್ಲಿ ಯಾರೋ ಹೊಸದಾಗಿ ಒಂದು ಆಟದ ಪಾರ್ಕು ತೆರೆದಿದ್ದರು. ಬಂಡೆ ಹತ್ತುವುದು, ಬಲೆಯ ಮೇಲೆ ನಡೆಯುವುದು, ಈ ಗುಡ್ಡದಿಂದ ಆ ಗುಡ್ಡಕ್ಕೆ ಉಕ್ಕಿನ ತಂತಿ ಕಟ್ಟಿ ಅದರ ಮೇಲೆ ತೂಗಿಕೊಂಡು ಜಾರುವುದು. ಕಂಪನಿಯ ಹುಡುಗ ಹುಡುಗಿಯರು ಬಸ್ಸು ಮಾಡಿಕೊಂಡು ಬರುತ್ತಿದ್ದರು. ಹಗ್ಗ, ಪಟ್ಟಾ ಬಲ್ಲವರು ಬೇಕೆಂದು ಹಂಪಯ್ಯನನ್ನೂ ರಜೆಯ ದಿನ ಕರೆಯುತ್ತಿದ್ದರು. ದೀಪಾವಳಿ ಹೊತ್ತಿಗೆ ಆ ಗುಡ್ಡದ ಸೀತಾಫಲ ತಂದು ತಾಯಿಯ ಉಡಿಯಲ್ಲಿ ಹಾಕಿದ್ದ. ಅಲ್ಲಿಂದ ಬಂದ ರಾತ್ರಿ ಅವನ ಮಾತು ನಿಲ್ಲುತ್ತಿರಲಿಲ್ಲ.

"ಮನಿ ಮಂದಿಯೆಲ್ಲಾ ಒಂದಿನ ಹೋಗೂಣು. ಸಾಹೇಬರು ಕರಕೊಂಡು ಬಾ ಅಂದಾರ."

ಶಿವಗಂಗಾಳ ಮಗಳು ಶೀತಲ, ಎರಡನೇ ಇಯತ್ತೆಯ ಪೋರಿ, ಹಾಸಿಗೆಯಿಂದ ಎದ್ದು ಕೂತಿದ್ದಳು. "ನಾ ಮೊದಲು ಹಾರತೀನಿ!"

"ನೀ ಅಲ್ಲ, ಅವ್ವ ಮೊದಲು" ಅಂದ ಹಂಪಯ್ಯ.

ಗದಿಗೆಮ್ಮ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು. "ನಾನಾ? ನಾ ಕೆಳಗ ಬುತ್ತಿ ಕಾಯ್ಕೊಂತ ಕುಂಡರತೀನಿ. ಹಗ್ಗ ನಂಬಬ್ಯಾಡೋ ಹಂಪ್ಯಾ ಅಂತ ನಿನಗ ಬಡಕೊಂತೀನಿ. ನೀ ನನ್ನೇ ಹಗ್ಗಕ್ಕ ಕಟ್ಟತೀ?"

ಅದೇ ಅವರ ಮನೆಯ ದಿನದ ಜಗಳ. ಮಗ ಆ ಕೆಲಸ ಹಿಡಿದಂದಿನಿಂದ ಗದಿಗೆಮ್ಮನಿಗೆ ನೆಟ್ಟಗೆ ನಿದ್ದೆ ಇರಲಿಲ್ಲ. ಅವನು ಮನೆಗೆ ಬರುವ ತನಕ ಹೊಸ್ತಿಲು ಬಿಟ್ಟು ಏಳುತ್ತಿರಲಿಲ್ಲ. ಹಂಪಯ್ಯ ತಾಯಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತ.

"ಒಮ್ಮೆ ನೀನೇ ತೂಗ್ಯಾಡಿ ನೋಡವ್ವಾ. ನನ್ನ ಕೈಯಾರೆ ಪಟ್ಟಾ ಕಟ್ಟತೀನಿ. ಹಗ್ಗ ಹೆಂಗ ಹಿಡಕೊಂತೈತಿ ನಿನಗ ತಿಳೀತೈತಿ. ಆಮ್ಯಾಲ ನಿನಗ ಅಂಜಿಕಿ ಇರಂಗಿಲ್ಲ. ನಿದ್ದಿ ಬರತೈತಿ."

ಗದಿಗೆಮ್ಮ ಹಿಟ್ಟಿನ ಕೈಯಿಂದಲೇ ಅವನ ತಲೆಗೆ ತಟ್ಟಿದಳು. ಒಲ್ಲೆ ಅನ್ನಲಿಲ್ಲ. ಹೂಂ ಅಂತಲೂ ಅನ್ನಲಿಲ್ಲ. ಹಂಪಯ್ಯ ಬರುವ ರವಿವಾರವೇ ಅಂತ ಗೊತ್ತು ಮಾಡಿಬಿಟ್ಟ. ಮರುದಿನ ಮಾತ್ರ ಮಗಳನ್ನು ಸಣ್ಣಗೆ ಕೇಳಿದಳಂತೆ: "ಕಚ್ಚಿ ಹಾಕಿ ಸೀರಿ ಉಟ್ರ ನಡೀತೈತೇನ, ಗಂಗಾ?"

ಆ ರವಿವಾರ ಅವರು ಗುಡ್ಡಕ್ಕೆ ಹೋಗಲಿಲ್ಲ. ಪಂಚನಾಮೆ ಮುಗಿದು ಹೆಣ ಕೈಗೆ ಬರಲು ತಡವಾಗಿತ್ತು; ಊರಿಗೆ ಹೋದರು. ಹಂಪಯ್ಯನನ್ನು ಅವರ ಹೊಲದಲ್ಲಿ, ಅವರಪ್ಪನ ಮಗ್ಗುಲಿಗೆ ಮಣ್ಣು ಮಾಡಿದರು. ಹುರಿದಿಟ್ಟ ಶೇಂಗಾ ಡಬ್ಬಿಯಲ್ಲೇ ಉಳಿಯಿತು.

ಮಾಡುವ ಕಾರ್ಯವೆಲ್ಲ ಮಾಡಿ ತಿರುಗಿ ಸನತ್‌ನಗರಕ್ಕೆ ಬಂದರು. ಅಂಬಾದಾಸ ಕೆಲಸಕ್ಕೆ ಹೋದ. ಬಾವಿ ಕಟ್ಟೆಯ ಮೇಲೆ ಹಂಪಯ್ಯನನ್ನು ನೋಡಿದ್ದನ್ನು ಯಾರಿಗೂ ಹೇಳಿರಲಿಲ್ಲ. ದಣಿವಿಗೆ ಕಣ್ಣು ಮೋಸ ಮಾಡಿತು ಅಂತ ತನಗೆ ತಾನೇ ಹೇಳಿಕೊಂಡಿದ್ದ. ಬೇರೆ ದಾರಿಯಿಂದ ಮನೆಗೆ ಬರಬಹುದಿತ್ತು. ಬರಲಿಲ್ಲ. ಯಾಕೆ ಅಂತ ಕೇಳಿದರೆ ಇವತ್ತಿಗೂ ಅವನಿಗೆ ಹೇಳಲು ಬರುವುದಿಲ್ಲ.

ಗೋಡೆ ಗುಂಟ ನಡೆದ. ಗೋಡೆ ಮುಗಿಯಿತು.

ಚಿಣ್…

ಹಂಪಯ್ಯ ಈ ಸಲ ಮುಖ ಮಾಡಿ ಕೂತಿದ್ದ. ಅದೇ ನೀಲಿ ಅಂಗಿ. ಮೈ ಮೇಲೆ ಗಾಯವಿಲ್ಲ, ರಕ್ತವಿಲ್ಲ. ಕೂದಲು ಮಾತ್ರ ಒದ್ದೆ, ಈಗಷ್ಟೇ ಯಾರೋ ಎರೆದ ಹಾಗೆ. ಅಂಬಾದಾಸನ ಕಾಲು ನೆಲಕ್ಕೆ ಅಂಟಿದವು.

"ಯಾಕ್ರಿ ಮಾವ, ಬರಲೇ ಇಲ್ಲ?"

ಅಂಬಾದಾಸ ಗೋಡೆಗೆ ಬೆನ್ನು ಹಚ್ಚಿದ.

"ಗುಡ್ಡದ ಮ್ಯಾಲ ಹೊತ್ತು ಮುಣಗೂ ತನಕ ಕಾಯ್ದೆ… ಮನೀಗೂ ಬಂದಿದ್ದೆ. ಬೀಗ ಇತ್ತು. ನಿನ್ನಿ ಮತ್ತ ಬಂದೆ. ಅವ್ವ ಬಾಗಲದಾಗ ಕುಂತಿದ್ಲು. ಅವ್ವಾ ಅಂದೆ. ನೋಡಲಿಲ್ಲ. ಕಾಲು ಹಿಡದೆ. ಆಗೂ ನೋಡಲಿಲ್ಲ. ನನ್ನ ಮ್ಯಾಲ ಸಿಟ್ಟಾಗ್ಯಾಳೇನ್ರಿ?"

ಆಗ ಅಂಬಾದಾಸನಿಗೆ ತಿಳಿಯಿತು. ಈ ಹುಡುಗನಿಗೆ ಗೊತ್ತಿಲ್ಲ… ತಾನು ಸತ್ತದ್ದು ಇವನಿಗೆ ಗೊತ್ತೇ ಇಲ್ಲ.

ಅಂಜಿಕೆ ಅಲ್ಲಿಗೆ ಹೋಯಿತಂತೆ. ಅದರ ಜಾಗದಲ್ಲಿ ಬಂದದ್ದು ಅಂಜಿಕೆಗಿಂತ ಕೆಟ್ಟದ್ದು. ಹೇಳಬೇಕು. ಯಾರು ಹೇಳಬೇಕು? ಹೆಂಗೆ ಹೇಳಬೇಕು? ಹುಡುಗ ಮುಖ ಎತ್ತಿ ನೋಡುತ್ತಿದ್ದ, ಶಾಲೆಯಲ್ಲಿ ಬೈಸಿಕೊಂಡು ಬಂದ ಕೂಸಿನ ಹಾಗೆ.

"ಅವತ್ತ ಗುರುವಾರ ಏನಾತು, ನೆನಪೈತೇನೋ?" ಅಂತ ಅಂಬಾದಾಸ ಮೆಲ್ಲಗೆ ಕೇಳಿದ.

"ಗಾಜು ಒರಸಾಕತ್ತಿದ್ದೆ. ಗಾಜಿನಾಗ ನನ್ನ ಮುಖ ಕಾಣತಿತ್ತು… ಆಮ್ಯಾಲ ಇಲ್ಲಿ ಕುಂತಿದ್ದೆ. ಅಲ್ಲಿಂದ ಇಲ್ಲಿಗೆ ಹೆಂಗ ಬಂದೆ, ಅದೇ ನೆನಪಾಗವಲ್ದು. ಈ ಹಗ್ಗ ನೋಡ್ರಿ, ಎಷ್ಟು ಸುತ್ತಿದ್ರೂ ತುದಿ ಸಿಗವಲ್ದು."

ಅಂಬಾದಾಸ ಹೇಳಲಿಲ್ಲ. ಹೇಳಲು ಆಗಲಿಲ್ಲ. "ನಿಮ್ಮವ್ವಗ ಮೈಯಾಗ ಆರಾಮ ಇಲ್ಲಪ್ಪಾ. ಮುಂದ ನೋಡೂಣು" ಅಂದು, ಹಿಂದೆ ನೋಡದೆ ಮನೆಗೆ ಬಂದ. ಬಂದವನಿಗೆ ಮೈ ಬಿಸಿಯೇರಿತು. ಬೆಳಗಿನ ತನಕ ಗುಡ್ಡ, ಹಗ್ಗ, ಬೂಟು ಅಂತ ಬಡಬಡಿಸಿದ.

ಜ್ವರ ಇಳಿದ ಮೇಲೆ ಶಿವಗಂಗಾ ಬಿಡಲಿಲ್ಲ. "ಏನ್ ನೋಡೀರಿ? ಖರೇ ಹೇಳ್ರಿ" ಅಂತ ಪಟ್ಟು ಹಿಡಿದಳು. ಹೇಳಿದ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಆ ರಾತ್ರಿ ತಾನೂ ಬಾವಿಗೆ ಬಂದಳು.

ಅವಳಿಗೆ ಏನೂ ಕಾಣಲಿಲ್ಲ. ಬರೀ ಕಟ್ಟೆ, ಬರೀ ಜಾಳಿಗೆ. ಆದರೆ ಅವಳು ನಿಂತಲ್ಲೇ ಗಂಡನ ತೋಳು ಗಟ್ಟಿಯಾಗಿ ಹಿಡಿದಳು.

"ಏನ್ರಿ ಅದು… ಸಪ್ಪಳ?"

ಚಿಣ್… ಚಿಣ್…

"ಅಕ್ಕ ಬಂದಾಳ?" ಅಂದ ಹಂಪಯ್ಯ. ಅಂಬಾದಾಸನಿಗಷ್ಟೇ ಕೇಳಿತು. "ಯಾಕ ಅಳಾಕತ್ತಾಳ್ರಿ? ಮನ್ಯಾಗ ಏನರ ಆಗೈತೇನು? ನನಗ ಯಾರೂ ಏನೂ ಹೇಳವಲ್ರಿ."

ಶಿವಗಂಗಾ ಕಟ್ಟೆಯ ಕಡೆ ಕೈ ಚಾಚಿದಳು. ಗಾಳಿ ಸವರಿದಳು. "ಹೇಳ್ರಿ ಅವಂಗ" ಅಂತ ಗಂಡನ ಕಿವಿಯಲ್ಲಿ ಅಂದಳು. "ಹೇಳಿ ಕಳಸ್ರಿ. ಹಿಂಗ ಎಷ್ಟು ದಿನ ಕುಂಡರತಾನ?"

ಆ ರಾತ್ರಿಯೂ ಅಂಬಾದಾಸ ಹೇಳದೆ ಹೆಂಡತಿಯ ಕೈ ಹಿಡಿದ. ಇಬ್ಬರೂ ತಿರುಗಿ ಬಂದರು.

ಇಂಥದ್ದು ಓಣಿಯಲ್ಲಿ ಎಷ್ಟು ದಿನ ಮುಚ್ಚಿರುತ್ತದೆ? ಶಾಂತಪ್ಪನ ಕಿವಿಗೆ ಬಿತ್ತು. ಅವನು ಕೆಟ್ಟವನಲ್ಲ. ಒಳ್ಳೇದಕ್ಕೇ ಹೇಳಿದ.

"ಪಟಾನ್‌ಚೆರು ಕಡೆ ಒಬ್ಬಾಂವ ಅದಾನ. ನಿಂಬಿಹಣ್ಣು ಕೊಯ್ದು, ಬಾವಿ ಕಟ್ಟಿಗೆ ಮೊಳಿ ಬಡದು ಬಿಗಿ ಮಾಡತಾನ. ಮತ್ತ ಏಳಂಗಿಲ್ಲ."

ಬಾಗಿಲಿಗೆ ಬೆನ್ನು ಹಚ್ಚಿ ಕೂತಿದ್ದ ಗದಿಗೆಮ್ಮ ತಿರುಗಿದಳು. ಮಗ ಹೋದಂದಿನಿಂದ ಆಕೆ ಮಾತಾಡಿದ್ದೇ ಕಡಿಮೆ. ಅತ್ತಿರಲಿಲ್ಲ. ಯಾರ ಮುಂದೆಯೂ ಅವನ ಹೆಸರು ತೆಗೆದಿರಲಿಲ್ಲ.

"ಯಾರಿಗೆ ಮೊಳಿ ಬಡೀತೀಯೋ ಶಾಂತಪ್ಪಾ?"

ಆಕೆ ಅಳಿಯನ ಕಡೆ ನೋಡಿದಳು.

"ಅಂಬಾದಾಸಪ್ಪಾ, ನನ್ನ ಮಗ ನಿನಗ ಕಾಣತಾನೇನು?"

"ಕಾಣತಾನ್ರಿ ಅತ್ತಿ."

"ಏನಂತಾನ?"

ಅಂಬಾದಾಸ ಎಲ್ಲ ಹೇಳಿದ. ಗುಡ್ಡದ ಮೇಲೆ ಕಾಯ್ದದ್ದು, ಬಾಗಿಲಿಗೆ ಬಂದದ್ದು, ಕಾಲು ಹಿಡಿದದ್ದು. ಕಾಲು ಅಂದ ಕೂಡಲೇ ಗದಿಗೆಮ್ಮ ತನ್ನ ಪಾದ ನೋಡಿಕೊಂಡಳು. ಎಡಗಾಲಿನ ಹರಡಿನ ಮೇಲೆ ಕೈಯಿಟ್ಟಳು.

"ಅವತ್ತ ಈ ಕಾಲು ತಣ್ಣಗಾಗಿತ್ತು" ಅಂದಳು. "ವಾಯು ಅನಕೊಂಡು ಸೆರಗು ಸುತ್ತಿದೆ."

ಆಕೆ ಗೋಡೆ ಹಿಡಿದು ಎದ್ದಳು.

"ಹೋಗಿ ಹೇಳು. ಈ ರವಿವಾರ ಬರತೀವಿ ಅಂತ ಹೇಳು. ಮಗ ಕರದಾನ. ಹೋಗೂಣು."

ಅಂಬಾದಾಸ ಆ ರಾತ್ರಿ ಹೇಳಿದ. ಕಟ್ಟೆಯ ಮೇಲಿನ ಹುಡುಗ ಚಂಗನೆ ಎದ್ದು ನಿಂತ. ಕೊಂಡಿಗಳೆಲ್ಲ ಒಮ್ಮೆಲೇ ಚಿಣಿಚಿಣಿ ಅಂದವು.

"ಖರೇನ್ರಿ ಮಾವ? ಅವ್ವ ಸಿಟ್ಟು ಬಿಟ್ಲಾ?" ನಗುತ್ತಿದ್ದ. "ಮೊದಲನೇ ಗಾಡಿಗೇ ಬರ್ರಿ ಮತ್ತ. ಬಿಸಿಲೇರಿದ್ರ ಕಲ್ಲು ಕಾಯತಾವು, ಅವ್ವಗ ಕಾಲು ಇಡಾಕ ಆಗಂಗಿಲ್ಲ. ಶೀತಲಗ ಟೊಪ್ಪಿಗಿ ಹಾಕ್ರಿ. ನೀರು ಭಾಳ ತಗೋರಿ, ಮ್ಯಾಲ ಸಿಗಂಗಿಲ್ಲ. ಸಜ್ಜಿ ರೊಟ್ಟಿ ಮಾಡಾಕ ಹೇಳ್ರಿ ಅಕ್ಕಗ, ಜ್ವಾಳದ್ದು ಒಣಗತಾವು…"

ಸತ್ತವನು ಕೂತು ಬದುಕಿದವರ ಬುತ್ತಿಯ ಚಿಂತೆ ಮಾಡುತ್ತಿದ್ದ. ಅಂಬಾದಾಸ ಎಲ್ಲದಕ್ಕೂ ಹೂಂ, ಹೂಂ ಅಂದ. ಕತ್ತಲೆಯಲ್ಲಿ ಕಣ್ಣೀರು ಸುರಿದರೂ ಒರೆಸಿಕೊಳ್ಳಲಿಲ್ಲ. ಒರೆಸಿಕೊಂಡರೆ ಹುಡುಗ ನೋಡುತ್ತಾನೆ ಅಂತ.

ಶನಿವಾರ ಗದಿಗೆಮ್ಮ ಮಗಳ ಜೋಡಿ ಅಂಗಡಿಗೆ ಹೋಗಿ ಕ್ಯಾನ್ವಾಸ್ ಬೂಟು ತಂದಳು. ಜೀವನದಲ್ಲಿ ಮೊದಲ ಸಲ ಬೂಟು ಹಾಕಿದ್ದು. ಖೋಲಿಯಲ್ಲೇ ಅಡ್ಡಾಡಿ ನೋಡಿದಳು. ರಾತ್ರಿಯೆಲ್ಲ ಒಲೆಯ ಮುಂದೆ ಕೂತು ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಪಲ್ಯ ಮಾಡಿದಳು.

ರವಿವಾರ ಸೂರ್ಯ ಹುಟ್ಟುವ ಮುಂಚೆ ಸನತ್‌ನಗರ ಸ್ಟೇಶನ್ನಿನಲ್ಲಿ ಪ್ಯಾಸೆಂಜರ್ ಗಾಡಿ ಹತ್ತಿದರು. ಗದಿಗೆಮ್ಮ, ಶಿವಗಂಗಾ, ಅಂಬಾದಾಸ, ಶೀತಲ. ಅಂಬಾದಾಸ ಸುತ್ತ ನೋಡಿದ. ಹಂಪಯ್ಯ ಎಲ್ಲೂ ಕಾಣಲಿಲ್ಲ. ಗಾಡಿ ಬಿಟ್ಟಿತು. ಖಡಕ್ ಖಡಕ್… ಖಡಕ್ ಖಡಕ್… ಕಿಟಕಿಗೆ ಕೂತಿದ್ದ ಶೀತಲ ಯಾರೂ ಹೇಳದೆ ಒಳಗೆ ಸರಿದು ಜಾಗ ಬಿಟ್ಟಳು.

"ಯಾಕ ಸರದಿ?" ಅಂದಳು ಶಿವಗಂಗಾ.

"ಹಂಗ ಸುಮ್ನ" ಅಂದಿತು ಹುಡುಗಿ. ಆ ಖಾಲಿ ಜಾಗದ ಕಡೆ ನೋಡಿ ಒಂದು ಸಲ ನಕ್ಕಿತು. ಆಮೇಲೆ ನಿದ್ದೆ ಹೋಯಿತು.

ಪಾರ್ಕಿನಲ್ಲಿ ಕಂಪನಿಯ ಮಂದಿ ತುಂಬಿದ್ದರು. ಎಲ್ಲರದೂ ಒಂದೇ ಬಣ್ಣದ ಬನಿಯನ್ನು, ಒಂದೇ ನಮೂನೆಯ ಕೂಗು. ಹಗ್ಗದ ಮೇಸ್ತ್ರಿ ಕಲ್ಯಾಣಪ್ಪ ಜಹೀರಾಬಾದಿನವ. ಹಂಪಯ್ಯನ ದೋಸ್ತ. ಇವರನ್ನು ಕಂಡ ಕೂಡಲೇ ಅವನ ಮುಖ ಇಳಿಯಿತು. ಗದಿಗೆಮ್ಮನ ಕಾಲು ಮುಟ್ಟಿದ.

"ಯವ್ವಾ, ನೀವು ಇಲ್ಲಿ ನೆರಳಾಗ ಕುಂಡರ್ರಿ. ಕೂಸಿಗೆ ನಾ ಆಡಸ್ತೀನಿ."

"ನಾನೂ ತಂತಿ ಮ್ಯಾಲ ಹೋಗಬೇಕಪ್ಪಾ."

"ವಯಸ್ಸಾಗೈತಲ್ರಿ ಯವ್ವಾ… ಅದೂ ಈಗ, ಇಷ್ಟು ದುಃಖದಾಗ…"

"ನನ್ನ ಮಗ ಹೇಳ್ಯಾನ" ಅಂದಳು ಗದಿಗೆಮ್ಮ. ಕಲ್ಯಾಣಪ್ಪ ಮತ್ತೆ ಎದುರಾಡಲಿಲ್ಲ.

ಗುಡ್ಡದ ತುದಿಗೆ ಹಲಗೆಯ ಅಟ್ಟ. ಅಲ್ಲಿಂದ ಎದುರಿನ ಗುಡ್ಡಕ್ಕೆ ಬಿಗಿದ ಉಕ್ಕಿನ ತಂತಿ. ನಡುವೆ ಕೊರಕಲು. ಕೆಳಗೆ ಎಲೆ ಉದುರಿ ಬೋಳಾದ ಗಿಡಗಳು, ಬಂಡೆಗಳು. ಕಲ್ಯಾಣಪ್ಪ ಪಟ್ಟಾ ಕಟ್ಟಿ, ಕೊಂಡಿ ಸಿಗಿಸಿ, ಆ ಕಡೆಯವರಿಗೆ ಕೈ ಮಾಡಲು ಅಟ್ಟದ ಅಂಚಿಗೆ ಹೋದ.

ಚಿಣ್…

ಅಂಬಾದಾಸ ನೋಡಿದ. ಹಾಡುಹಗಲು. ಬಿಸಿಲು. ಹಂಪಯ್ಯ ತಾಯಿಯ ಬೆನ್ನ ಹಿಂದೆ ಮೊಣಕಾಲೂರಿ ಕೂತಿದ್ದ. ಒಂದೊಂದೇ ಪಟ್ಟಾ ಎಳೆದು ನೋಡುತ್ತಿದ್ದ. ಕೊಂಡಿಯೊಳಗೆ ಬೆರಳಾಡಿಸಿ ನೋಡುತ್ತಿದ್ದ. "ಬಿಗಿ ಆತೇನವ್ವಾ? ನೋವಾಗತೈತೇನು?" ತಾಯಿ ಉತ್ತರ ಕೊಡಲಿಲ್ಲ. ಅವನ ಮುಖ ಸಪ್ಪಗಾಯಿತು.

ಗದಿಗೆಮ್ಮ ಅಳಿಯನ ಕಡೆ ತಿರುಗಿದಳು. ದನಿ ಇಳಿಸಿ ಕೇಳಿದಳು: "ಅದಾನೇನಪ್ಪಾ?"

"ಅದಾನ್ರಿ ಅತ್ತಿ. ನಿಮ್ಮ ಹಿಂದ."

ಆಕೆ ಹಿಂದೆ ತಿರುಗಿದಳು. ಆಕೆಯ ಕಣ್ಣಿಗೆ ಬರೀ ಹಲಗೆ, ಬರೀ ಬಿಸಿಲು. ಆದರೂ ಬಗ್ಗಿ, ಸರಿಯಾಗಿ ಅವನ ತಲೆ ಇದ್ದಲ್ಲೇ ಕೈ ಚಾಚಿದಳು.

"ಹಂಪ್ಯಾ… ಕೇಳು ಮಗನ. ನಿನ್ನ ಮ್ಯಾಲ ಸಿಟ್ಟಿಲ್ಲ. ನೀ ನನಗ ಕಾಣವಲ್ಲಿ, ಅದಕ್ಕ ಮಾತಾಡಿಲ್ಲ." ಉಸಿರು ಎಳೆದುಕೊಂಡಳು. "ಅವತ್ತ ಗುರುವಾರ ಹಗ್ಗ ಹರೀತಪ್ಪಾ. ನೀ ಬಿದ್ದಿ. ನಿಮ್ಮಪ್ಪನ ಮಗ್ಗಲದಾಗ ಮಣ್ಣಿಗೆ ಇಟ್ಟು ಬಂದೀವಿ. ನಿನಗ ನಾನೇ ಎರದೆ… ಸಣ್ಣಾಂವ ಇದ್ದಾಗ ಎರದಂಗ. ನಿನಗ ಹೇಳವರು ಯಾರೂ ಇರಲಿಲ್ಲ. ನಾ ಹೇಳಾಕತ್ತೀನಿ."

ಶಿವಗಂಗಾ ಮಗಳನ್ನು ಮೈಗೆ ಒತ್ತಿಕೊಂಡಳು.

ಹಂಪಯ್ಯ ಅಲ್ಲಾಡಲಿಲ್ಲ. ತನ್ನ ಒದ್ದೆ ಕೂದಲು ಮುಟ್ಟಿಕೊಂಡ. ಕೈ ನೋಡಿಕೊಂಡ. ಆಮೇಲೆ ನಿಧಾನಕ್ಕೆ ಮುಖ ಎತ್ತಿ ಅಂಬಾದಾಸನನ್ನು ನೋಡಿದ.

"ಮಾವ… ಖರೇನ್ರಿ?"

ಅಂಬಾದಾಸ ತಲೆ ಆಡಿಸಿದ.

ಕೂಸು ಅಳುವ ಮುಂಚೆ ತುಟಿ ಸೊಟ್ಟ ಮಾಡುತ್ತದಲ್ಲ… ಹಾಗೆ ಹುಡುಗನ ತುಟಿ ಸೊಟ್ಟಗಾಯಿತು. ಆದರೆ ಅಳಲಿಲ್ಲ. ತಾಯಿಯ ಅಂಗೈಗೆ ಹಣೆ ಹಚ್ಚಿ ಸ್ವಲ್ಪ ಹೊತ್ತು ಕೂತ. ಗದಿಗೆಮ್ಮ ಕೈ ಹಿಂದೆ ತೆಗೆಯಲಿಲ್ಲ.

"ಹಂಗಾದ್ರ ಅವ್ವಗ ಒಮ್ಮೆ ದಾಟಸಿಬಿಡತೀನ್ರಿ, ಮಾವ" ಅಂದ. "ಕಣ್ಣು ಮುಚ್ಚಬ್ಯಾಡ ಅಂತ ಹೇಳ್ರಿ."

"ಕಣ್ಣು ಮುಚ್ಚಬ್ಯಾಡ್ರಿ ಅತ್ತಿ" ಅಂದ ಅಂಬಾದಾಸ.

ಕಲ್ಯಾಣಪ್ಪ ತಿರುಗಿ ಬಂದು ಆಕೆಯ ಪಟ್ಟಾ ಹಿಡಿದಿದ್ದ, ಇನ್ನೂ ಕೈ ಬಿಟ್ಟಿರಲಿಲ್ಲ. ತಾನು ಬಿಡಲೇ ಇಲ್ಲ ಅಂತ ಆಮೇಲೆ ಆಣೆ ಮಾಡಿ ಹೇಳಿದ. ಆದರೆ ಗದಿಗೆಮ್ಮ ಹೋದಳು. ಜ್ಹುಂಯ್‌… ಅಂತ ತಂತಿ ಹಾಡಿತು. ಕಚ್ಚೆ ಸೀರೆಯ ಮುದುಕಿ, ಬಿಳೀ ಬೂಟು, ಕೊರಕಲಿನ ನಡು ಆಕಾಶದಲ್ಲಿ. ಕಂಪನಿಯ ಹುಡುಗರು ಚಪ್ಪಾಳೆ ಹೊಡೆದರು. ಆಕೆಯ ಬೆನ್ನಿಗೆ ನೀಲಿ ಅಂಗಿ ಇತ್ತು. ಅಂಬಾದಾಸ ನೋಡುತ್ತಲೇ ಇದ್ದ. ನಡು ದಾಟಿತು. ಆ ಗುಡ್ಡದ ನೆರಳಿಗೆ ಸೇರುವಷ್ಟರಲ್ಲಿ ಮುದುಕಿ ಒಬ್ಬಳೇ ಇದ್ದಳು.

ಅಂಬಾದಾಸ, ಶಿವಗಂಗಾ, ಶೀತಲ ಕಾಲುದಾರಿಯಲ್ಲಿ ಇಳಿದು ಹತ್ತಿ ಆ ಕಡೆ ಹೋದರು. ಗದಿಗೆಮ್ಮ ಒಂದು ಬಂಡೆಯ ಮೇಲೆ ಕೂತಿದ್ದಳು. ಮಗಳನ್ನು ನೋಡಿ ಏನೋ ಹೇಳಲು ಬಾಯಿ ತೆರೆದಳು.

"ಗಂಗಾ… ಅಂಜಿಕಿ ಆಗಲಿಲ್ಲವ್ವಾ."

ಹೇಳಿದವಳೇ ಸುತ್ತ ನೋಡಿದಳು. ಎದುರಿನ ಗುಡ್ಡ ನೋಡಿದಳು, ತಂತಿ ನೋಡಿದಳು.

"ಅಂಜಿಕಿ ಆಗಲಿಲ್ಲ ಅಂತ ಈಗ ಯಾರಿಗೆ ಹೇಳಲಿ?"

ಆಗ ಅತ್ತಳು. ಊರಲ್ಲಿ, ಮಣ್ಣು ಮಾಡುವಾಗ, ಯಾವಾಗಲೂ ಅಳದವಳು ಆ ಬಂಡೆಯ ಮೇಲೆ ಎದೆ ಬಡಿದುಕೊಂಡು ಅತ್ತಳು. ಕಂಪನಿಯ ಹುಡುಗರ ಕೂಗು ನಿಂತಿತು. ಗುಡ್ಡಕ್ಕೆ ಗುಡ್ಡ ಆಕೆಯ ದನಿ ತಿರುಗಿ ಕೊಟ್ಟಿತು. ಹೊಟ್ಟೆಯೊಳಗಿನದೆಲ್ಲ ತೀರುವ ತನಕ ಅತ್ತು, ಮುಖ ತೊಳೆದುಕೊಂಡು, ಗಿಡದ ಬುಡದಲ್ಲಿ ಬುತ್ತಿ ಬಿಚ್ಚಿದಳು. ಎಲ್ಲರಿಗೂ ಬಡಿಸಿದಳು. ಚೀಲ ತಿರುವಿ ಹಾಕಿ, ಝಾಡಿಸಿ, ಖಾಲಿ ಡಬ್ಬಿ ಒಳಗಿಟ್ಟು ಬಾಯಿ ಕಟ್ಟಿದವಳು ಶಿವಗಂಗಾ. ಅದನ್ನು ಅವಳು ಇವತ್ತಿಗೂ ಒತ್ತಿ ಹೇಳುತ್ತಾಳೆ.

ಆಮೇಲೆ ಬಾವಿ ಕಟ್ಟೆಯ ಮೇಲೆ ಯಾರೂ ಕೂರಲಿಲ್ಲ. ಅಂಬಾದಾಸ ಎಷ್ಟೋ ರಾತ್ರಿ ಅಲ್ಲಿ ನಿಂತು ನೋಡಿದ. ಗಾಳಿ ಬಂದಾಗ ಗಡಗಡಿ ತಿರುಗುತ್ತಿತ್ತು, ಅಷ್ಟೇ. ಗದಿಗೆಮ್ಮ ಈಗ ಹೊಸ್ತಿಲಲ್ಲಿ ಕಾಯುವುದಿಲ್ಲ. ಹೊತ್ತಿಗೆ ಸರಿಯಾಗಿ ಮಲಗುತ್ತಾಳೆ. ಆ ನಿದ್ದೆ ನೋಡಿದರೆ ತನಗೇ ಅಳು ಬರುತ್ತದೆ ಅನ್ನುತ್ತಾಳೆ ಶಿವಗಂಗಾ.

ಆದರೆ ಆ ರವಿವಾರ ರಾತ್ರಿ ಇನ್ನೊಂದು ಆಯಿತು. ಗುಡ್ಡದಿಂದ ಮನೆಗೆ ಬಂದು ಶಿವಗಂಗಾ ಬುತ್ತಿಚೀಲದ ಗಂಟು ಬಿಚ್ಚಿದಳು. ಡಬ್ಬಿಯ ಮೇಲೆ ಒಂದು ಸೀತಾಫಲ ಇತ್ತು. ಕಣ್ಣು ಬಿಟ್ಟ ಹಣ್ಣು. ತೊಟ್ಟಿನಲ್ಲಿ ಎರಡು ಹಸಿರು ಎಲೆ. ಬಿಸಿಲಲ್ಲಿದ್ದ ಹಾಗೆ ಬೆಚ್ಚಗಿತ್ತು.

ಅದು ಸೀತಾಫಲದ ಕಾಲ ಅಲ್ಲ. ದಸರೆ ದೀಪಾವಳಿಗೆ ಬರುವ ಹಣ್ಣು. ಇದು ಬಿಸಿಲಗಾಲ. ಆ ಗುಡ್ಡದ ಗಿಡಗಳಲ್ಲಿ ಎಲೆಯೇ ಇರಲಿಲ್ಲ, ಹಣ್ಣು ಎಲ್ಲಿಂದ ಬರಬೇಕು? ನಾಂಪಲ್ಲಿಯ ಹಣ್ಣಿನವರನ್ನೂ ಅಂಬಾದಾಸ ಕೇಳಿ ಬಂದ. ನಕ್ಕರು.

ಗದಿಗೆಮ್ಮ ಅದನ್ನು ಬಿಡಿಸಿ ಎಲ್ಲರಿಗೂ ಕೊಟ್ಟಳು. ಸಿಹಿ ಇತ್ತಂತೆ. ಬೀಜ ಎಸೆಯಲಿಲ್ಲ. ಅಂಬಾದಾಸ ಅವನ್ನು ನನ್ನ ಅಂಗೈಯಲ್ಲಿ ಹಾಕಿ ತೋರಿಸಿದ. ಕರೀ ಬೀಜ, ನುಣುಪು. ನಾನು ಮುಟ್ಟಿ ನೋಡೀನಿ.